ಹಂದರದ ಮನೆಯ ಅಳು

ಇಂಡಿ ಊರಿನ ಪೇಟೆಯಲ್ಲಿದ್ದ ಡಾಕ್ಟರ್ ಚನ್ನಬಸಯ್ಯನವರ ದವಾಖಾನೆಗೆ ಮೆಹರಾಜ ಬಂದು ಸೇರಿದ ದಿನ, ಅಲ್ಲಿ ಕಸ ಗುಡಿಸುವ ದುರ್ಗವ್ವ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿ ಕೇಳಿದಳು, "ಬಾಯಾರ, ನೀವು ಸೂಜಿ ಮಾಡ್ತೀರೇನು?"

"ಇಲ್ಲ."

"ಗುಳಗಿ ಕೊಡ್ತೀರಿ?"

"ಅದೂ ಇಲ್ಲ."

"ಮತ್ತೇನ್ ಮಾಡ್ತೀರಿ?"

"ಮಂದಿ ಮಾತು ಕೇಳ್ತೇನಿ."

ದುರ್ಗವ್ವ ಕಸಬರಿಗೆಯನ್ನು ಬಗಲಿಗೆ ಸಿಗಿಸಿಕೊಂಡು ಒಂದು ಗಳಿಗೆ ಯೋಚಿಸಿದಳು. "ಹಂಗಂದ್ರ ನಮ್ಮತ್ತಿನ್ನ ಕಳಸ್ತೇನಿ ತಡೀರಿ. ಅಕಿ ಮಾತು ಕೇಳಾಕ ಪಗಾರ ಕೊಡ್ತೇವಂದ್ರೂ ಊರಾಗ ಯಾರೂ ನಿಂದ್ರಂಗಿಲ್ಲ."

ಅದು ಸಾವಿರದ ಒಂಬೈನೂರ ಅರವತ್ತೆರಡರ ಮಾತು. ಮೆಹರಾಜ ಸಿಂದಗಿಯ ಹುಡುಗಿ, ಬಟ್ಟೆ ಹೊಲಿಯುತ್ತಿದ್ದ ಕುತುಬುದ್ದೀನರ ಮಗಳು. ಮನಸ್ಸು ಕೆಟ್ಟವರ ಜೊತೆ ಕುಳಿತು ಮಾತಾಡಿ ಅವರನ್ನು ಹದಕ್ಕೆ ತರುವ ಕೆಲಸವನ್ನು ಧಾರವಾಡದಲ್ಲಿ ಒಂದೂವರೆ ವರ್ಷ ಕಲಿತಿದ್ದಳು. ಕೊನೆಯ ನಾಲ್ಕು ತಿಂಗಳು ಯಾವುದಾದರೂ ಡಾಕ್ಟರ ಕೈಕೆಳಗೆ ಇದ್ದು ಮಾಡಿ ಕಲಿಯಬೇಕಿತ್ತು. ಕಿವಿಗೆ ನಳಿಗೆ ಹಚ್ಚಿ ಎದೆ ಕೇಳಿದರೂ ಗೊತ್ತಾಗದ ಬೇನೆಗಳನ್ನು ಹೊತ್ತುಕೊಂಡು ಬರುವವರು ಚನ್ನಬಸಯ್ಯನವರ ಹತ್ತಿರ ಬಹಳ. "ಬಾರವ್ವಾ, ನನ್ನ ಕೈಲಿ ಆಗದ್ದು ನಿನ್ನ ಕೈಲಿ ಆದೀತು" ಎಂದು ಅವರು ಬಾಟಲಿ ಇಡುತ್ತಿದ್ದ ಸಣ್ಣ ಕೋಣೆಯನ್ನು ಖಾಲಿ ಮಾಡಿಸಿ, ಒಂದು ಮೇಜು ಎರಡು ಕುರ್ಚಿ ಹಾಕಿಸಿ ಕೊಟ್ಟರು.

ಮೆಹರಾಜಳ ವಹಿಯ ಮೊದಲ ಪುಟದಲ್ಲಿ ಧಾರವಾಡದಲ್ಲಿ ಕಲಿಸಿದ ಬಾಯಿಯವರು ಹೇಳಿಕೊಟ್ಟ ಮಾತುಗಳಿದ್ದವು. ದಿನಾ ಮುಂಜಾನೆ ಮೊದಲ ರೋಗಿ ಬರುವ ಮುಂಚೆ ಅವನ್ನು ಓದಿಕೊಳ್ಳುತ್ತಿದ್ದಳು. ಬಂದವರನ್ನು ಒಬ್ಬರನ್ನೇ ಕೂಡಿಸಿಕೊಳ್ಳಬೇಕು, ಬಾಗಿಲು ಮುಚ್ಚಿರಬೇಕು. ಒಮ್ಮೆಗೆ ಒಂದೇ ಪ್ರಶ್ನೆ. ಅವರು ಸುಮ್ಮನಾದರೆ ನಾವು ಹೆದರಬಾರದು. ಬುದ್ಧಿ ಹೇಳಬಾರದು, ಸಮಾಧಾನ ಹೇಳುವ ಅವಸರ ಬೇಡ. ಮುಟ್ಟಬಾರದು. ಅವರೊಂದಿಗೆ ಅಳಬಾರದು, ಇಬ್ಬರೂ ನೀರಿಗೆ ಬಿದ್ದರೆ ದಂಡೆಯ ಮೇಲೆ ನಿಂತು ಕೈ ಕೊಡುವವರು ಯಾರು? ಈ ಕೊನೆಯ ಮಾತಿನ ಕೆಳಗೆ ಮೆಹರಾಜ ಕೆಂಪು ಪೆನ್ಸಿಲಿನಿಂದ ಎರಡು ಗೆರೆ ಎಳೆದಿದ್ದಳು. ತನ್ನ ಗುಣ ತನಗೆ ಗೊತ್ತಿತ್ತು.

ಒಬ್ಬರನ್ನೇ ಕೂಡಿಸಿಕೊಳ್ಳುವುದು ಅಷ್ಟು ಸುಲಭವಿರಲಿಲ್ಲ. ಆ ಕಡೆ ಒಬ್ಬ ರೋಗಿಯ ಜೊತೆ ಆರು ಜನ ಬರುತ್ತಾರೆ. ಎಲ್ಲಿ ನೋವು ಎಂದು ಕೇಳಿದರೆ ರೋಗಿಯನ್ನು ಬಿಟ್ಟು ಆರೂ ಜನ ಹೇಳುತ್ತಾರೆ. ಆದರೂ ಮೆಹರಾಜ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕುವುದನ್ನು ರೂಢಿ ಮಾಡಿಕೊಂಡಳು. ಎರಡು ತಿಂಗಳಲ್ಲಿ ನಿದ್ದೆ ಬಾರದ ಚಡಚಣದ ಸಾಲಿ ಮಾಸ್ತರರಿಗೆ ನಿದ್ದೆ ಬಂತು. ಮುದ್ದೇಬಿಹಾಳದಿಂದ ಮದುವೆಯಾಗಿ ಬಂದು ದಿನಾ ಮೂರ್ಛೆ ಹೋಗುತ್ತಿದ್ದ ಹುಡುಗಿಗೆ ಮೂರ್ಛೆ ನಿಂತಿತು. ಮೆಹರಾಜಳಿಗೆ ತನ್ನ ಕೈಯ ಮೇಲೆ ನಂಬಿಕೆ ಬಂತು.

ಆಗ ಝಳಕಿಯಿಂದ ತಿಪ್ಪವ್ವನನ್ನು ಕರೆದುಕೊಂಡು ಬಂದರು.

ಕುರಿ ಕಾಯುವ ಮನೆತನ. ಮುಂದೆ ಹಳದಿ ರುಮಾಲಿನ ಮಾವ ಸೋಮನಿಂಗ, ಅವನ ಹಿಂದೆ ಅತ್ತೆ ಶೇವಂತೆವ್ವ, ಅವಳ ಹಿಂದೆ ಇಪ್ಪತ್ತನಾಲ್ಕರ ಸೊಸೆ ತಿಪ್ಪವ್ವ. ಎಲ್ಲರ ಹಿಂದೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನೆಲ ನೋಡುತ್ತ, ಗಂಡ ಅಮಸಿದ್ದ.

"ಮಾತು ಬಿಟ್ಟಾಳ್ರಿ," ಎಂದಳು ಶೇವಂತೆವ್ವ. "ಮಾಘದಾಗ ಮೂರ ವರ್ಷದ ಗಂಡುಕೂಸು ಹೋತು. ಕುರಿ ಹಿಂದ ಹೋಗಿದ್ರು, ಅಲ್ಲೇ ದೇವಣಗಾಂವ ಹತ್ತರ ಹೊಳಿ ದಂಡಿಗಿ ಮಣ್ಣ ಮಾಡಿ ಬಂದ್ರು. ಆವಾಗಿಂದ ಹಿಂಗಽ. ರೊಟ್ಟಿ ಬಡೀತಾಳ, ನೀರು ತರ್ತಾಳ, ಉಣ್ಣಿ ನೂಲ್ತಾಳ. ಮಾತೊಂದು ಇಲ್ಲ. ನಾಕ ತಿಂಗಳಾತ್ರಿ."

"ನೀ ಸುಮ್ಮನಿರು," ಎಂದ ಸೋಮನಿಂಗ. "ಡಾಕ್ಟರ್ ಸಾಹೇಬ್ರ, ಹುಚ್ಚು ಹೌದೋ ಅಲ್ಲೋ ಅಷ್ಟು ಬರದು ಕೊಡ್ರಿ. ಹೌದಂದ್ರ ಹಿರ್ಯಾರು ಕೂಡಿ ಸೋಡಚೀಟಿ ಮಾಡಿ ತವರಿಗಿ ಬಿಟ್ಟು ಬರ್ತೀವಿ. ನನ್ನ ಮಗಗ ವಯಸ್ಸೈತಿ. ಇನ್ನೊಂದ ಲಗ್ನಾ ಮಾಡಬೇಕು."

ಸೋಡಚೀಟಿ, ಗಂಡ ಹೆಂಡಿರನ್ನು ಬಿಡಿಸುವ ಕಾಗದ, ಎಂಬ ಮಾತು ಬಿದ್ದಾಗ ಶೇವಂತೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತವರಿನಲ್ಲಿ ತಿಪ್ಪವ್ವನಿಗೆ ಇದ್ದವನು ಒಬ್ಬ ಅಣ್ಣ. ಅವನ ಹೆಂಡತಿ ಆಗಲೇ ಮಂದಿಯ ಮುಂದೆ, ಮಾತು ಬಾರದವಳನ್ನು ಕಟ್ಟಿಕೊಂಡು ನಾವೇನು ಮಾಡೋಣ ಎಂದು ಹೇಳಿ ಕಳಿಸಿದ್ದಳು. ಈ ಮನೆ ತಪ್ಪಿದರೆ ತಿಪ್ಪವ್ವನಿಗೆ ಮನೆಯೆಂಬುದಿಲ್ಲ.

ಚನ್ನಬಸಯ್ಯನವರು ಕನ್ನಡಕ ತೆಗೆದು ಒರೆಸಿದರು. "ನಾಕ ವಾರ ತಡಿ, ಸೋಮನಿಂಗ. ವಾರಕ್ಕೊಮ್ಮೆ ಕರಕೊಂಡ ಬಾ, ಈ ಬಾಯಾರು ನೋಡ್ತಾರ. ಆಮ್ಯಾಲ ನನಗ ಕಂಡದ್ದು ನಾ ಬರದು ಕೊಡ್ತೇನಿ."

ಮೊದಲ ಭೇಟಿಯಲ್ಲಿ ಮೆಹರಾಜ ಅತ್ತೆಯನ್ನು ಹೊರಗೆ ಕೂಡಿಸಿ ಬಾಗಿಲು ಹಾಕಿದಳು. ತಿಪ್ಪವ್ವ ಕುರ್ಚಿಯ ಅಂಚಿಗೆ ಕುಳಿತಳು. ಅವಳ ಬೆರಳುಗಳು ಉಣ್ಣೆಯ ಜಿಡ್ಡಿನಿಂದ ಮಿರುಗುತ್ತಿದ್ದವು. ಮೆಹರಾಜ ಮೆಲ್ಲಗೆ ಒಂದು ಪ್ರಶ್ನೆ ಕೇಳಿ ಕಾದಳು. ಇನ್ನೊಂದು ಕೇಳಿ ಕಾದಳು. ಆಮೇಲೆ ಕೇಳಿದಳು, "ನಿಮ್ಮ ಕೂಸಿನ ಹೆಸರೇನಿತ್ರಿ?"

ತಿಪ್ಪವ್ವ ತಲೆ ಎತ್ತಿದಳು. ಎದ್ದಳು. ಮೇಜಿನ ಈ ಕಡೆಗೆ ಬಂದು ಎರಡೂ ಕೈಗಳನ್ನು ಮೆಹರಾಜಳ ಕೊರಳಿನ ಕಡೆ ಚಾಚಿದಳು.

ಮೆಹರಾಜ ಹಿಂದೆ ಸರಿದಳು. ಕುರ್ಚಿ ಫರಸಿಗೆ ಕರ್ ಎಂದು ಉಜ್ಜಿತು. ಆ ಎರಡೂ ಮುಂಗೈಗಳನ್ನು ಹಿಡಿದು, ಕಲಿತ ಹಾಗೆಯೇ ದನಿ ಏರಿಸದೆ, "ಕುಂಡ್ರಿ. ಕುಂತು ಹೇಳ್ರಿ" ಎಂದು ತಿರುಗಿ ಕೂಡಿಸಿದಳು. ತಿಪ್ಪವ್ವ ಕುಳಿತಳು. ಆಮೇಲೆ ಅವಳು ತಲೆ ಎತ್ತಲಿಲ್ಲ. ಮೆಹರಾಜ ವಹಿಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಳು: ರೋಗಿ ಎದ್ದು ಬಂದು ಕೊರಳಿನತ್ತ ಕೈ ಚಾಚಿದಳು. ತಡೆಯಲಾಯಿತು.

ಎರಡನೆಯ ವಾರ ಮೌನ. ಮೂರನೆಯ ವಾರವೂ ಮೌನ. ಹೊರಗೆ ಗಡಿಯಾರದ ಸದ್ದು, ಡಾಕ್ಟರರ ಕೆಮ್ಮು, ಬಂಡಿಗಳ ಗಾಲಿಯ ಸದ್ದು. ಮೆಹರಾಜ ಹೆದರಲಿಲ್ಲ. ಇಷ್ಟು ಹೊತ್ತು ಸುಮ್ಮನೆ ಕೂಡಲು ಬಂತಲ್ಲ ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಪಟ್ಟಳು ಕೂಡ. ಆ ಕಡೆ ಝಳಕಿಯಲ್ಲಿ ಮುಚ್ಚಿದ ಬಾಗಿಲು ಬೇರೆಯೇ ಕಥೆ ಕಟ್ಟುತ್ತಿತ್ತು. ಒಳಗೆ ಹಾಕಿಕೊಂಡು ಕರೆಂಟು ಕೊಡುತ್ತಾರಂತೆ, ಹುಚ್ಚರಿಗಷ್ಟೇ ಬಾಗಿಲು ಹಾಕುತ್ತಾರಂತೆ ಎಂದು ಭಾವಿಯ ಕಟ್ಟೆಯ ಮೇಲೆ ಹೆಂಗಸರು ಆಡಿಕೊಳ್ಳುತ್ತಿದ್ದಾರೆಂದು ಶೇವಂತೆವ್ವ ದುರ್ಗವ್ವನ ಮುಂದೆ ಹೇಳಿ ಹೋದಳು.

ಮೂರನೆಯ ಭೇಟಿ ಮುಗಿದ ಸಂಜೆ ಚನ್ನಬಸಯ್ಯನವರು ಕೋಣೆಯ ಹೊಸ್ತಿಲಲ್ಲಿ ನಿಂತರು. "ನಾಲಿಗಿ ನೋಡೀನಿ, ಗಂಟಲಾ ನೋಡೀನಿ. ಎಲ್ಲಾ ಸರಿ ಐತಿ. ಮುಂದಿನ ವಾರ ಸೋಮನಿಂಗ ಬಂದು ನಿಂದ್ರತಾನ. ನಾ ಏನ್ ಬರೀಲಿ, ಹೇಳವ್ವಾ?"

ಮೆಹರಾಜ ವಹಿ ಎತ್ತಿಕೊಂಡು ಎದ್ದಳು. ಮರುದಿನ ಮಧ್ಯಾಹ್ನ ಧಾರವಾಡಕ್ಕೆ ಕಳಿಸುವ ವರದಿ ಬರೆಯಲು ಕುಳಿತು, ವಹಿಯನ್ನು ಮೊದಲಿನಿಂದ ತನಗೆ ಕೇಳುವಷ್ಟು ದನಿಯಲ್ಲಿ ಓದಿಕೊಂಡಳು. ದುರ್ಗವ್ವ ನೆಲ ಒರೆಸುತ್ತಿದ್ದಳು.

"ಕೊರಳಿಗಿ ಕೈ ಹಾಕಾಕ ಬಂದಿದ್ಲಾ?" ದುರ್ಗವ್ವ ಅರಿವೆ ಹಿಂಡುವುದನ್ನು ನಿಲ್ಲಿಸಿದಳು. "ಹೊಡಿಯಾಕ ಬಂದ್ಲೇನ್ರಿ?"

"ಹೊಡಿಯಾಕಲ್ಲ. ಹಿಂಗ, ಎರಡೂ ಕೈ..." ಮೆಹರಾಜ ತೋರಿಸಿದಳು.

"ನೀವು ಏನ್ ಕೇಳಿದ್ರಿ ಆವಾಗ?"

"ಕೂಸಿನ ಹೆಸರು."

ಬಾಯಿ ಮುಚ್ಚದ ಹೆಂಗಸು ಬಾಯಿ ಮುಚ್ಚಿದ್ದನ್ನು ಮೆಹರಾಜ ಅಂದೇ ಕಂಡದ್ದು. ಕೊನೆಗೆ ದುರ್ಗವ್ವ ಕೇಳಿದಳು, "ಬಾಯಾರ, ನೀವು ಸಿಂದಗಿಯವರಲ್ಲಾ?"

ಅಷ್ಟೇ. ಮೆಹರಾಜಳ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು.

ಅಬ್ಬಾ ತೀರಿಕೊಂಡಾಗ ಅವಳು ಮ್ಯಾಟ್ರಿಕ್ಕಿನಲ್ಲಿದ್ದಳು. ಓಣಿಯ ಹೆಂಗಸರೆಲ್ಲ ಮಾತಾಡಿಸಲು, ಸಾವಿನ ಮನೆಯ ಅಳುವಿಗೆ ಜೊತೆಯಾಗಲು, ಬಂದರು. ಹತ್ತಿ ಬಿಡಿಸುವವರು, ಮಸೀದಿಯ ಹಿಂದಿನ ಮನೆಯವರು, ಕುರುಬರ ಓಣಿಯವರು. ಬಂದವರು ಸೆರಗು ಹೊದ್ದು ಎದುರಿಗೆ ಕೂಡುವುದು, ಹೋದವರ ಹೆಸರು ಎತ್ತುವುದು, ಕೊರಳು ಕೊಡುವುದು. ಹೆಸರೆತ್ತಿದವರು ಕೊರಳು ಕೊಡಲೇಬೇಕು. ಅವಳ ಅವ್ವ ಸುಗ್ರಾ ಒಬ್ಬೊಬ್ಬರ ಕೊರಳಿಗೂ ಬಿದ್ದು, ಅಬ್ಬಾನ ಕತ್ತರಿ, ಅಬ್ಬಾನ ಕೆಮ್ಮು, ಅಬ್ಬಾ ಹೊಲಿದು ಮುಗಿಸದೆ ಬಿಟ್ಟ ಯಾರದೋ ಲಗ್ನದ ಅಂಗಿ, ಎಲ್ಲವನ್ನೂ ಹಾಡಿಕೊಂಡು ಅತ್ತಳು. ಮೆಹರಾಜ ಒಳಗೆ ಜೋಳದ ಚೀಲಗಳ ಮರೆಯಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. ಅದೇ ಮಾತನ್ನು ಒಂಬತ್ತು ಸಲ ಯಾಕೆ ಹೇಳುತ್ತಾಳೆ ಅವ್ವ ಎಂದು ನಾಚಿಕೆಪಟ್ಟಿದ್ದಳು. ಒಂಬತ್ತನೆಯವರು ಎದ್ದು ಹೋದ ಮೇಲೆ ಅವ್ವ ಕಣ್ಣೊರೆಸಿಕೊಂಡು, "ಒಂದ್ ತಂಬಗಿ ನೀರು ತಾ ಮೆಹರಾಜ" ಎಂದಿದ್ದಳು. ಮೂರು ದಿನಗಳ ಮೇಲೆ ಅವಳು ಕೇಳಿದ ಮೊದಲ ನೀರು ಅದು.

ಇದನ್ನೆಲ್ಲ ಹುಟ್ಟಿದಾರಭ್ಯ ನೋಡಿದವಳು ತಾನು. ಹೆಸರು ಕೇಳಿ, ಕೊರಳು ಹಿಂದಕ್ಕೆ ತೆಗೆದುಕೊಂಡಿದ್ದಳು.

"ಅವರ ಊರವರು ಯಾರೂ ಮಾತಾಡ್ಸಾಕ ಹೋಗಿಲ್ಲೇನು?" ಎಂದು ಕೇಳಿದಳು.

"ಎಲ್ಲಿಂದ ಹೋಗ್ತಾರ? ಇವರು ಹೊಳಿ ದಂಡಿಯಿಂದ ಬರೂದಕ್ಕ ಮೈದುನನ ಲಗ್ನದ್ದು ಹಂದರಾ ಹಾಕಿತ್ತಂತ. ಅರಿಷಿಣಾನೂ ಹಚ್ಚಿಬಿಟ್ಟಿದ್ರು. ಹಂದರದ ಮನ್ಯಾಗ ಅಳಬಾರದಂತ ಮುದುಕ ಬಾಯಿ ಮುಚ್ಚಿಸ್ಯಾನ. ಲಗ್ನಾ ಮುಗಿದ ಮ್ಯಾಲ ಹೊಸ ಸೊಸಿ ಮನಿ ಒಳಗ. ಯಾರು ಹಳೇ ಸಾವಿನ ಮಾತು ತಗೀತಾರ?"

ಮರುದಿನ ಮುಂಜಾನೆ ಮೆಹರಾಜ ಡಾಕ್ಟರರ ಮುಂದೆ ನಿಂತಳು. "ನಾ ಝಳಕಿಗಿ ಹೋಗ್ತೇನ್ರಿ."

"ರೋಗಿ ಮನಿಗಿ ಹೋಗಂತ ನಿಮ್ಮ ಪುಸ್ತಕದಾಗ ಬರದೈತೇನು?"

"ಇಲ್ರಿ."

"ಹನ್ನೊಂದರ ಮೋಟಾರ ಐತಿ," ಎಂದರು ಚನ್ನಬಸಯ್ಯ. "ವಹಿ?"

"ಅದನ್ನ ಇಲ್ಲೇ ಇಟ್ಟು ಹೋಗ್ತೇನ್ರಿ."

ಝಳಕಿಯಲ್ಲಿ ಮೋಟಾರು ಇಳಿದು ಬಿಸಿಲಲ್ಲಿ ನಡೆದು ಹೋದಳು. ಸೋಮನಿಂಗ ಮನೆಯ ಮುಂದಿನ ಕಟ್ಟೆಯ ಮೇಲೆ ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಕುಳಿತಿದ್ದ. ಗೋಡೆಗೆ ಹಂದರದ ಕಂಬಗಳನ್ನು ಒರಗಿಸಿ ಇಟ್ಟಿದ್ದರು. ಅವಕ್ಕೆ ಕಟ್ಟಿದ್ದ ಮಾವಿನ ಎಲೆಗಳು ಒಣಗಿ ಸುರುಟಿದ್ದವು.

"ಕಾಗದಾ ತಂದ್ರ್ಯಾ?"

"ಇಲ್ರಿ ಯಜಮಾನ್ರ. ನಿಮ್ಮ ಮೊಮ್ಮಗ ಹೋಗ್ಯಾನಂತ ಕೇಳಿದೆ. ಮಾತಾಡ್ಸಾಕ ಬಂದೇನಿ."

ತಂಬಾಕು ತಿಕ್ಕುವ ಹೆಬ್ಬೆರಳು ನಿಂತಿತು. "ಆ ಮಾತು ಮುಗದು ಹೋತವ್ವಾ. ಇದು ಹಂದರಾ ಬಿದ್ದ ಮನಿ. ಹೊಸ ಸೊಸಿ ಬಂದಾಳ."

"ಹಂದರಾ ತಗದು ಎಷ್ಟು ದಿನಾ ಆತ್ರಿ?"

ಸೋಮನಿಂಗ ಕಂಬಗಳ ಕಡೆ ನೋಡಿದ. ಮಾತಾಡಿಸಲು ಬಂದವರನ್ನು ಬಾಗಿಲಿನಿಂದ ತಿರುಗಿಸಿ ಕಳಿಸಿದ ಮನೆ ಆ ಊರಿನಲ್ಲಿ ಇರಲಿಲ್ಲ. ಅವನು ತಂಬಾಕು ಝಾಡಿಸಿ, ಕಟ್ಟೆಯಿಂದ ಇಳಿದು ಪಕ್ಕಕ್ಕೆ ನಿಂತ.

ಒಳಗೆ ತಿಪ್ಪವ್ವ ಗೋಡೆಗೆ ಒರಗಿ ಉಣ್ಣೆ ನೂಲುತ್ತಿದ್ದಳು. ಶೇವಂತೆವ್ವ ಜೋಳ ಹಸನು ಮಾಡುತ್ತಿದ್ದಳು. ಮೆಹರಾಜ ಸೆರಗು ತಲೆಗೆ ಹೊದ್ದು, ತಿಪ್ಪವ್ವನ ಎದುರಿಗೆ ಬರೀ ನೆಲದ ಮೇಲೆ ಕುಳಿತಳು.

"ತಪ್ಪು ಮಾಡಿದ್ನವ್ವಾ, ತಿಪ್ಪವ್ವಾ. ಅವತ್ತ ಹೆಸರು ಕೇಳಿ ದೂರ ಸರದೆ. ಈಗ ಬಂದೇನಿ. ಏನಿತ್ತವ್ವಾ ನಿನ್ನ ಕೂಸಿನ ಹೆಸರು?" ಎಂದು ಎರಡೂ ಕೈ ಚಾಚಿದಳು.

ತಿಪ್ಪವ್ವ ಆ ಕೈಗಳನ್ನು ನೋಡಿದಳು. ಕದಿರು ತಿರುಗುತ್ತಲೇ ಇತ್ತು. ಎಳೆ ಉದ್ದವಾಯಿತು, ಸುತ್ತಿಕೊಂಡಿತು, ಮತ್ತೆ ಉದ್ದವಾಯಿತು. ಅವಳು ಬರಲಿಲ್ಲ.

ಚಾಚಿದ ಕೈಗಳು ಸೋಲುತ್ತ ಬಂದರೂ ಮೆಹರಾಜ ಅವನ್ನು ಇಳಿಸಲಿಲ್ಲ. ಸುಮ್ಮನೆ ಕೂಡುವುದನ್ನು ಅವಳು ಧಾರವಾಡದಲ್ಲಿ ಕಲಿತಿದ್ದಳು. ಈ ಸಲ ಮಾತ್ರ ಅದರಲ್ಲಿ ಹೆಮ್ಮೆಯಿರಲಿಲ್ಲ.

ಮೊರ ಬಿದ್ದ ಸದ್ದಾಯಿತು. ಶೇವಂತೆವ್ವ ಎದ್ದು ಬಂದಿದ್ದಳು. ಸೊಸೆಗಾಗಿ ಚಾಚಿದ ಆ ಕೈಗಳ ನಡುವೆ ಅತ್ತೆ ಬಂದು ಬಿದ್ದಳು. ನಾಲ್ಕು ತಿಂಗಳಿಂದ ಅವಳೂ ನುಂಗಿಕೊಂಡು ಕುಳಿತಿದ್ದಾಳೆಂದು ಯಾರು ಎಣಿಸಿದ್ದರು?

"ನನ್ನ ಮಾಳಿಂಗಾ... ಕೋಲ ಹಿಡದು ಕುರಿ ಕಾಯ್ತೇನಿ ಆಯಿ ಅಂತಿದ್ದೆಲ್ಲೋ ನನ್ನಪ್ಪಾ... ನಿನ್ನ ಹೊಳಿ ದಂಡಿಗಿ ಒಬ್ಬನ್ನಽ ಬಿಟ್ಟು ಬಂದ್ರೋ... ನೀರು ನೀರು ಅಂತ ಬಾಯಿ ಬಿಟ್ಟೆಂತೋ ನನ್ನ ಕಂದಾ..."

ಮೆಹರಾಜಳ ಕಣ್ಣಲ್ಲೂ ನೀರು ಬಂತು. ಅವಳು ತಡೆಯಲಿಲ್ಲ. ಕಾಣದ ಮಾಳಿಂಗನಿಗಾಗಿ ಅತ್ತಳು. ಅಳುತ್ತಿದ್ದಂತೆ ಅದರೊಳಗೆ ಅಬ್ಬಾನ ಕತ್ತರಿಯೂ ಸೇರಿಕೊಂಡಿತು.

"ನೀರಂದಿಲ್ಲ."

ದನಿ ಒಣಗಿತ್ತು. ಎಷ್ಟೋ ದಿನ ತೆರೆಯದ ಬಾಗಿಲ ತಿರುಗಣಿಯ ಹಾಗಿತ್ತು. ಶೇವಂತೆವ್ವನ ಅಳು ಅರ್ಧಕ್ಕೆ ಕಡಿಯಿತು. ತಿಪ್ಪವ್ವನ ಕೈಯಲ್ಲಿ ಕದಿರು ನಿಂತಿತ್ತು.

"ನೀರಂದಿಲ್ಲ, ಅತ್ತಿ. ಹಾಲಂದ. ನಾ ನೀರು ಕೊಟ್ಟೆ."

ತಿಪ್ಪವ್ವ ಕದಿರನ್ನು ನೆಲಕ್ಕಿಟ್ಟಳು.

"ಜ್ವರದಾಗ ಹಾಲು ಕೊಡಬ್ಯಾಡಂತ ನೀನಽ ಹೇಳಿ ಕಳಿಸಿದ್ದಿ. ಇನ್ನೂರ ಕುರಿ ನಿಂತಿದ್ವು. ಕೆಚ್ಚಲಾ ಬಿಗದು ಒದರಾಕತ್ತಿದ್ವು. ಹಾಲು ಹಾಲು ಅಂದ. ನೀರು ಬಾಯಿಗಿ ಹಿಡದ್ರ ಮಾರಿ ತಿರುವಿದ. ಕೊನೀಗೂ ಮಾರಿ ತಿರುವಿಕೊಂಡಽ ಹೋದ."

ನಿನ್ನದೇನೂ ತಪ್ಪಿಲ್ಲ ಎಂಬ ಮಾತು ಮೆಹರಾಜಳ ನಾಲಿಗೆಯ ತುದಿಗೆ ಬಂದಿತ್ತು. ಅವಸರ ಬೇಡ ಎಂದಿದ್ದರು ಬಾಯಿಯವರು. ಅವಳು ಅಳು ನಿಲ್ಲಿಸಿ, ಆ ಮಾತನ್ನು ನುಂಗಿ, ಕೇಳುತ್ತ ಕುಳಿತಳು. "ಆಮ್ಯಾಲವ್ವಾ?" ಎಂದಳು.

ಆಮೇಲಿನದೆಲ್ಲ ಬಂತು. ಹೊಳೆಯ ದಂಡೆ, ಮುಂಜಾನೆ ಮಣ್ಣು ಮಾಡಿ ಮಧ್ಯಾಹ್ನ ಹಿಂಡು ಹೊಡೆದುಕೊಂಡು ಹೊರಟದ್ದು, ತಿರುಗಿ ನೋಡಿದರೆ ಗುರುತೇ ಸಿಗದ ಮರಳು, ಮನೆಗೆ ಬಂದರೆ ಬಾಗಿಲಲ್ಲಿ ಹಂದರ, ವಾಲಗ. ಹೇಳುತ್ತ ಹೇಳುತ್ತ ಅವಳ ದನಿ ಏರಿತು, ಏರಿ ಹಾಡಾಯಿತು. ಆಗ ತಿಪ್ಪವ್ವ ತಾನಾಗಿಯೇ ಬಂದು ಅತ್ತೆಯ ಕೊರಳಿಗೆ ಬಿದ್ದಳು. "ನಾನಽ ಹೇಳಿದ್ದೆ, ಖರೇ, ನಾನಽ ಹೇಳಿದ್ದೆ," ಎಂದು ಶೇವಂತೆವ್ವ ಅವಳ ಬೆನ್ನು ಸವರಿದಳು. ಅಳು ಓಣಿಗೆ ಕೇಳಿತು. ಮೊದಲು ನೆರೆಮನೆಯ ರಾಮವ್ವ ಬಂದು ಸೆರಗು ಹೊದ್ದು ಕುಳಿತಳು. ಆಮೇಲೆ ಭಾವಿಯ ಕಟ್ಟೆಯಲ್ಲಿ ಕರೆಂಟಿನ ಮಾತಾಡಿದ ಹೆಂಗಸರೂ ಒಬ್ಬೊಬ್ಬರಾಗಿ ಬಂದರು.

ಸಾವಿನ ಮನೆಯಿಂದ ಏಳುವಾಗ ಹೋಗಿ ಬರುತ್ತೇನೆಂದು ಹೇಳುವುದಿಲ್ಲ. ಮೆಹರಾಜ ಏನೂ ಹೇಳದೆ ಎದ್ದು ಬಂದಳು. ಕಟ್ಟೆಯ ಹತ್ತಿರ ಸೋಮನಿಂಗ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ಆ ರಾತ್ರಿಯ ವರದಿಯ ಕೊನೆಗೆ ಅವಳು ಬರೆದಳು: ನಾನೂ ಅವರೊಂದಿಗೆ ಅತ್ತೆ. ಆ ಸಾಲನ್ನು ಹೊಡೆದು ಹಾಕಬೇಕೆಂದು ಅದರ ಮೇಲೆ ಪೆನ್ನು ಇಟ್ಟಳು. ಹೊಡೆಯದೆ ಹಾಗೇ ಧಾರವಾಡಕ್ಕೆ ಕಳಿಸಿದಳು.

ನಾಲ್ಕನೆಯ ವಾರ ಎಲ್ಲರೂ ಬಂದರು. ಮೆಹರಾಜಳ ಕೋಣೆಯ ಬಾಗಿಲು ತೆರೆದೇ ಇತ್ತು. ಚನ್ನಬಸಯ್ಯನವರು ಕಾಗದ ಮುಂದಿಟ್ಟುಕೊಂಡು, "ಸೋಮನಿಂಗ, ಬರದು ಕೊಡಲ್ಯಾ?" ಎಂದರು.

"ಬ್ಯಾಡ್ರಿ," ಎಂದ ಸೋಮನಿಂಗ. "ನಿನ್ನಿ ಈಕಿ ನಾಕ ಮಂದಿ ಮುಂದ ನನಗ ಬೈದಾಳ್ರಿ."

"ಏನಂತ?"

"ನಿನ್ನ ಹಂದರಾ ನಮ್ಮ ಬಾಯಿ ಕಟ್ಟಿತು ಮಾವಾ ಅಂದ್ಲು." ಮುದುಕ ರುಮಾಲಿನ ತುದಿಯಿಂದ ಮೂಗು ಒರೆಸಿಕೊಂಡ. "ಹುಚ್ಚರು ಇಷ್ಟು ಖರೇ ಮಾತಾಡಂಗಿಲ್ರಿ. ಈಕಿ ನಮ್ಮ ಮನ್ಯಾಗಽ ಇರಲಿ."

ಬಾಗಿಲ ಬಳಿ ನಿಂತಿದ್ದ ದುರ್ಗವ್ವ, "ನಮ್ಮತ್ತಿಗಿ ಈ ಔಷಧಾ ಹಾಕಬ್ಯಾಡ್ರಿ ಮತ್ತ, ಅಕಿ ಮೊದಲಽ ಬೈತಾಳ" ಎಂದಳು. ತಿಪ್ಪವ್ವನ ತುಟಿ ಒಂದಿಷ್ಟು ಅಲುಗಿತು. ನಕ್ಕಳೆಂದು ಹೇಳಲಾಗದು.

ಅವರು ಹೊರಟರು. ಮಾವ, ಅತ್ತೆ, ಸೊಸೆ ಮೆಟ್ಟಿಲಿಳಿದರು. ಅಮಸಿದ್ದ ಹೊರಗಿನ ಬಾಕಿನ ಮೇಲೆ ಕುಳಿತವನು ಏಳಲಿಲ್ಲ.

"ಏಳೋ ತಮ್ಮಾ, ನಿಮ್ಮವರು ಹೊಂಟ್ರು," ಎಂದಳು ದುರ್ಗವ್ವ.

ಅವನು ಕಂಬಳಿಯ ಅಂಚು ತಿರುಚುತ್ತ ಕೇಳಿದ, "ಈ ಬಾಯಾರು ಗಂಡಸರದೂ ಕೇಳ್ತಾರೇನಬೇ?"

ಮೆಹರಾಜಳಿಗೆ ಅದು ಒಳಗೆ ಕೇಳಿಸಿತು. ಅವನನ್ನು ಒಳಗೆ ಕರೆಯಲಿಲ್ಲ. ವಹಿ ಮುಚ್ಚಿಟ್ಟು ಹೊರಗೆ ಬಂದು ಬಾಕಿನ ಇನ್ನೊಂದು ತುದಿಗೆ ಕುಳಿತಳು. ಕೆಳಗೆ ಬೀದಿಯಲ್ಲಿ ತಿಪ್ಪವ್ವ ತಿರುಗಿ ನೋಡಿ, ಅತ್ತೆಯ ಸೆರಗು ಹಿಡಿದು ನಿಲ್ಲಿಸಿದಳು. ಮೂವರೂ ಬೇವಿನ ಗಿಡದ ನೆರಳಿಗೆ ಸರಿದು ಕಾದು ನಿಂತರು.

ಅಮಸಿದ್ದ ಕಂಬಳಿಯನ್ನು ಹೆಗಲಿಂದ ತೆಗೆದು ತೊಡೆಯ ಮೇಲೆ ಮಡಚಿ ಇಟ್ಟುಕೊಂಡ.

"ಕೂಸಿನ ಕುಣಿ ನಾನಽ ತೋಡಿದ್ನಿರಿ," ಎಂದ ಆಮೇಲೆ. "ಯಾರೂ ಕೇಳಲಿಲ್ಲ."

"ಎಷ್ಟು ಆಳ ತೋಡಿದ್ರಿ?"

ಅಮಸಿದ್ದ ಎದ್ದು ನಿಂತು, ತನ್ನ ಸೊಂಟದ ಮಟ್ಟಕ್ಕೆ ಅಂಗೈ ಅಡ್ಡ ಹಿಡಿದು ತೋರಿಸಿದ. ಆ ಕೈಯನ್ನು ಅವನು ಹಾಗೇ ಹಿಡಿದುಕೊಂಡು ನಿಂತಿದ್ದ, ಕೆಳಗೆ ಯಾರದೋ ತಲೆ ಇದ್ದ ಹಾಗೆ.